ಹಕ್ಕಿಯ ಬಣ್ಣಕ್ಕೆ ಎಲ್ಲಿ ನಿಲ್ಲಬೇಕು

ಮಂಡ್ಯದಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಹೊಟ್ಟೆಪಾಡು ಮದುವೆ, ನಾಮಕರಣ, ಬೀಗರೂಟದ ಫೋಟೋಗಳಿಂದ ನಡೆಯುತ್ತದೆ. ಹಕ್ಕಿ ಫೋಟೋ ಏನಿದ್ದರೂ ಲಗ್ನ ಇಲ್ಲದ ದಿನಗಳ ಹುಚ್ಚು. ಗೋಡೆಗೆ ಹಾಕಿರುವ ಕಳ್ಳಿಪೀರ ಹಕ್ಕಿಯ ಚಿತ್ರ ನೋಡಿ, ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವರೂ ಕೇಳುತ್ತಾರೆ: "ಅಣ್ಣ, ಇದು ಎಷ್ಟು ಎಂಎಂ ಲೆನ್ಸು?" 600 ಅನ್ನುತ್ತೇನೆ. "ಹೂಂ, ಅದಕ್ಕೇ" ಅಂತ ತಲೆ ಆಡಿಸುತ್ತಾರೆ. ಯಾವ ದಿಕ್ಕಿಗೆ ಬೆನ್ನು ಹಾಕಿ ನಿಂತಿದ್ದೆ ಅಂತ ಯಾರೂ ಕೇಳುವುದಿಲ್ಲ. ಬಣ್ಣದ ಹಕ್ಕಿಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಲೆನ್ಸು ಹಕ್ಕಿಯನ್ನು ಹತ್ತಿರ ತರುತ್ತದೆ, ಅಷ್ಟೆ. ಅದರ ಬಣ್ಣ ಚಿತ್ರಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ನೀವು ನಿಂತ ಜಾಗದ ಮೇಲೆ ಹೋಗುತ್ತದೆ.

ಲೆನ್ಸಿನ ಮಾತು ಬೇಗ ಮುಗಿಸುತ್ತೇನೆ

ಸಿಗ್ಮಾ ಅಥವಾ ಟ್ಯಾಮ್ರಾನ್ 150-600, ನಿಕಾನ್ 200-500, ಸೋನಿ 200-600, ಕ್ಯಾನನ್ 100-500 ಇವುಗಳಲ್ಲಿ ನಿಮ್ಮ ಕ್ಯಾಮೆರಾಗೆ ಕೂರುವ ಯಾವುದಾದರೂ ಸಾಕು. ಬಹುತೇಕ ಎಲ್ಲವೂ ಎರಡು ಕೆಜಿ ಆಸುಪಾಸು. ಕೊಳ್ಳುವ ಮುಂಚೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ದಿನಕ್ಕೆ ಬಾಡಿಗೆಗೆ ತಂದು ಹೊತ್ತು ತಿರುಗಿ. ಭುಜ ಏನು ಹೇಳುತ್ತದೆ ಅನ್ನುವುದು ಯಾವ ರಿವ್ಯೂನಲ್ಲೂ ಇರುವುದಿಲ್ಲ. ನಿಕಾನ್ ಪಿ950, ಪಿ1000 ಥರದ ಕ್ಯಾಮೆರಾ ಕೈಯಲ್ಲಿದ್ದರೆ ಅದರಲ್ಲೇ ಶುರು ಮಾಡಿ. ಬಿಸಿಲಿನಲ್ಲಿ ಒಳ್ಳೆಯ ಚಿತ್ರ ಕೊಡುತ್ತವೆ. ಬೆಳಕು ಹಿಡಿಯುವ ಸೆನ್ಸಾರ್ ಚಿಕ್ಕದಾದ್ದರಿಂದ ಕಾಡಿನ ನೆರಳಿಗೆ ಹೋದಾಗ ಮಾತ್ರ ಕೈಕೊಡುತ್ತವೆ.

ಒಂದು ಲೆಕ್ಕ ಮಾತ್ರ ತಲೆಯಲ್ಲಿರಲಿ. ಫುಲ್ ಫ್ರೇಮ್ (ದೊಡ್ಡ ಸೆನ್ಸಾರಿನ) ಕ್ಯಾಮೆರಾದಲ್ಲಿ 600 ಎಂಎಂ ಹಾಕಿ 20 ಮೀಟರ್ ದೂರ ನೋಡಿದರೆ ಫ್ರೇಮಿನ ಅಗಲ ಸುಮಾರು 1.2 ಮೀಟರ್. ಕೆರೆ ಅಂಚಿನ ಪುಟ್ಟ ಮಿಂಚುಳ್ಳಿಯ ಉದ್ದ 16-17 ಸೆಂಟಿಮೀಟರ್. ಅಂದರೆ ಅಷ್ಟು ದೊಡ್ಡ ಲೆನ್ಸಿನಲ್ಲೂ ಅದು ಫ್ರೇಮಿನ ಏಳನೇ ಒಂದು ಭಾಗ! ಎಂಟು ಮೀಟರಿಗೆ ಬಂದರೆ ಮೂರನೇ ಒಂದು ಭಾಗ ತುಂಬುತ್ತದೆ. ಹಾಗಾಗಿ ಎಷ್ಟೇ ಉದ್ದದ ಲೆನ್ಸು ತಂದರೂ ಹಕ್ಕಿ ನಿಮ್ಮನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಬಣ್ಣ ಎಲ್ಲಿಂದ ಬರುತ್ತದೆ

ಹಕ್ಕಿಗಳ ಬಣ್ಣವೆಲ್ಲ ಒಂದೇ ಬಗೆಯದಲ್ಲ. ಇದನ್ನು ತಿಳಿದುಕೊಂಡ ಮೇಲೆ ನನ್ನ ಅರ್ಧ ಓಡಾಟ ನಿಂತಿತು.

ಹೊನ್ನಕ್ಕಿಯ ಹಳದಿ, ಚಿತ್ರಪಕ್ಷಿಯ ಕೆಂಪು ಗರಿಯೊಳಗಿನ ವರ್ಣದ್ರವ್ಯದ ಬಣ್ಣಗಳು. ಕ್ಯಾರೊಟಿನಾಯ್ಡ್ ಅನ್ನುವ ಈ ದ್ರವ್ಯ ತಿನ್ನುವ ಆಹಾರದಿಂದ ಹಕ್ಕಿಗೆ ಸಿಗುತ್ತದೆ. ಇಂಥ ಬಣ್ಣ ಯಾವ ಕಡೆಯಿಂದ ನೋಡಿದರೂ ಬದಲಾಗುವುದಿಲ್ಲ. ಮೋಡ ಕವಿದ ದಿನ ಇನ್ನೂ ಚೆನ್ನ. ಬಿಸಿಲಿನ ಬಿಳಿ ಹೊಳಪು ಗರಿಯ ಮೇಲೆ ಕೂರದೆ ಹಳದಿ ಗಟ್ಟಿಯಾಗಿ ಬರುತ್ತದೆ. ಜೂನ್ ತಿಂಗಳಲ್ಲಿ ಮೋಡ ನೋಡಿ ಕ್ಯಾಮೆರಾ ಒಳಗಿಡುವವರು ಇಂಥ ಹಕ್ಕಿಗಳನ್ನು ಕೈಬಿಟ್ಟ ಹಾಗೆಯೇ.

ಮಿಂಚುಳ್ಳಿ, ನೀಲಕಂಠಗಳ ನೀಲಿಯ ಕತೆ ಬೇರೆ. ಆ ಗರಿಯಲ್ಲಿ ನೀಲಿ ದ್ರವ್ಯವೇ ಇಲ್ಲ. ಗರಿಯ ಎಳೆಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ರಚನೆ ಇದೆ. ಬಿದ್ದ ಬೆಳಕಿನಲ್ಲಿ ನೀಲಿಯನ್ನು ಆರಿಸಿ ಹಿಂದಕ್ಕೆ ಚೆಲ್ಲುವುದು ಅದರ ಕೆಲಸ. ಚೆಲ್ಲಬೇಕಾದರೆ ಬೆಳಕು ಮುಂದಿನಿಂದ ಬೀಳಬೇಕು. ಸೂರ್ಯ ಹಕ್ಕಿಯ ಹಿಂದೆ ಇದ್ದರೆ ಮಿಂಚುಳ್ಳಿ ಬೂದು ಮುದ್ದೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಕಣ್ಣು ಕುಕ್ಕುವ ನೀಲಿ. ನೆರಳಿನಲ್ಲೂ ಈ ನೀಲಿ ಸಾಯುವುದಿಲ್ಲ, ಸ್ವಲ್ಪ ಮಂಕಾಗುತ್ತದೆ ಅಷ್ಟೆ.

ಮೂರನೆಯದು ಹೂವಿನ ಜೇನು ಹೀರುವ ಸೂರಕ್ಕಿಯ ಮಿಂಚು. ಇದೂ ಗರಿಯ ರಚನೆಯಿಂದ ಬರುವುದೇ. ಆದರೆ ಇಲ್ಲಿ ಬಣ್ಣ ನೋಡುವ ಕೋನದ ಜೊತೆ ಬದಲಾಗುತ್ತದೆ, ಎರಡು ಬಣ್ಣದ ನೂಲಿನಲ್ಲಿ ನೇಯ್ದ ರೇಷ್ಮೆ ಸೀರೆ ಮಡಿಕೆ ಮಡಿಕೆಗೂ ಬೇರೆಯಾಗಿ ಕಾಣುವ ಹಾಗೆ. ಸಂತಾನದ ಕಾಲದ ಗಂಡು ನೇರಳೆ ಸೂರಕ್ಕಿಯನ್ನು ನೆರಳಿನಲ್ಲಿ ತೆಗೆದರೆ ಕರಿ ಚುಕ್ಕೆ. ನೇರ ಬಿಸಿಲು ನಿಮ್ಮ ಭುಜದ ಮೇಲಿಂದ ಹೋಗಿ ಅದರ ಕತ್ತಿಗೆ ಬಿದ್ದಾಗ, ಅದು ತಲೆಯನ್ನು ಒಂದಿಷ್ಟು ತಿರುಗಿಸಿದಾಗ, ನೀಲಿ ನೇರಳೆ ಹಸಿರು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮರುಕ್ಷಣ ಮತ್ತೆ ಕಪ್ಪು. ಸೂರಕ್ಕಿಗೆ ಮೋಡದ ದಿನ ಹೋಗಬೇಡಿ. ಬಿಸಿಲು ಬಿದ್ದ ದಾಸವಾಳವೋ ಬಾಳೆಯ ಹೂವೋ ನೋಡಿಕೊಂಡು, ಸೂರ್ಯನಿಗೆ ಬೆನ್ನು ಹಾಕಿ ಕೂತುಕೊಳ್ಳಿ. ಅದು ತಲೆ ತಿರುಗಿಸುವವರೆಗೆ ಬಟನ್ ಒತ್ತದೆ ಕಾಯಿರಿ.

ಹಾಗಾಗಿ ಮನೆಯಿಂದ ಹೊರಡುವ ಮುಂಚೆ ಆಕಾಶ ನೋಡಿ ಹಕ್ಕಿಯನ್ನು ಆರಿಸಿಕೊಳ್ಳುವುದು ನನ್ನ ಪದ್ಧತಿ. ಮೋಡವಾದರೆ ಹೊನ್ನಕ್ಕಿ, ಕುಟುರ, ಗಿಳಿ. ಎಳೆ ಬಿಸಿಲಾದರೆ ಮಿಂಚುಳ್ಳಿ, ಕಳ್ಳಿಪೀರ. ಸೂರಕ್ಕಿಗೆ ಸ್ವಲ್ಪ ಏರಿದ ಬಿಸಿಲಾದರೂ ಪರವಾಗಿಲ್ಲ.

ಬಣ್ಣದ ಮಗ್ಗುಲು

ಪ್ರತಿ ಹಕ್ಕಿಗೂ ಒಂದು ಬಣ್ಣದ ಮಗ್ಗುಲು ಇರುತ್ತದೆ. ನಮ್ಮ ಕಡೆ ಗದ್ದೆ ಬದುವಿನ ಮೇಲೆ, ಕರೆಂಟ್ ವೈರಿನ ಮೇಲೆ ಎಲ್ಲಿ ನೋಡಿದರೂ ಕೂತಿರುವ ಗದ್ದೆ ಮಿಂಚುಳ್ಳಿಯನ್ನೇ ತೆಗೆದುಕೊಳ್ಳಿ. ಎದುರಿನಿಂದ ತೆಗೆದರೆ ಚಾಕಲೇಟು ಬಣ್ಣದ ಹೊಟ್ಟೆ, ಬಿಳಿ ಎದೆ, ಕೆಂಪು ಕೊಕ್ಕು. ನೀಲಿ ಎಲ್ಲಿ? ಬೆನ್ನಿನ ಮೇಲೆ. ಪೂರ್ತಿ ಹಿಂದಿನಿಂದ ತೆಗೆದರೆ ನೀಲಿ ಸಿಕ್ಕಿತು, ಮುಖ ಹೋಯಿತು. ಇದಕ್ಕೆ ಓರೆಯಾಗಿ ಹಿಂದಿನಿಂದ, ಬೆನ್ನು ಮುಕ್ಕಾಲು ನಿಮ್ಮ ಕಡೆ ಇರುವ ಹಾಗೆ ಜಾಗ ಹಿಡಿಯಬೇಕು. ಹಕ್ಕಿ ಸದಾ ಅತ್ತಿತ್ತ ಕತ್ತು ತಿರುಗಿಸುತ್ತಲೇ ಇರುತ್ತದೆ. ತಿರುಗಿಸಿದಾಗ ಕೊಕ್ಕು, ಕಣ್ಣು, ಬೆನ್ನು ಮೂರೂ ಸಿಗುತ್ತವೆ.

ನೀಲಕಂಠ ಇನ್ನೂ ಕಷ್ಟದ್ದು. ನಮ್ಮ ರಾಜ್ಯಪಕ್ಷಿ. ಕೂತಾಗ ನೋಡಿದರೆ "ಇದಕ್ಕೇನಾ ಇಷ್ಟು ಹೆಸರು" ಅನ್ನಿಸುವಷ್ಟು ಕಂದು. ಎದೆಯೂ ಕಂದು, ಬೆನ್ನೂ ಕಂದು, ಮಡಚಿದ ರೆಕ್ಕೆಯ ಅಂಚಿನಲ್ಲಿ ಚೂರು ನೀಲಿ. ರೆಕ್ಕೆ ಬಿಚ್ಚಿದಾಗ ಕಡು ನೀಲಿ, ತಿಳಿ ನೀಲಿ ಪಟ್ಟೆಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ನೀಲಕಂಠದ ಚಿತ್ರ ಅಂದರೆ ಅದು ಏಳುವ ಅಥವಾ ಇಳಿಯುವ ಚಿತ್ರ. ಒಳ್ಳೆಯ ಸುದ್ದಿ ಏನೆಂದರೆ ಇದು ನೆಲದ ಮೇಲಿನ ಮಿಡತೆಗೆ ಹಾರಿ ಇಳಿದು, ಮತ್ತೆ ಹತ್ತಿರದ ಕಂಬಕ್ಕೋ ಅದೇ ಕಂಬಕ್ಕೋ ವಾಪಸ್ ಬರುತ್ತದೆ. ಒಂದೆರಡು ಸಲ ಸುಮ್ಮನೆ ನೋಡಿ ಅದರ ಪಾಡು ತಿಳಿದುಕೊಳ್ಳಿ. ಆಮೇಲೆ ಫ್ರೇಮಿನಲ್ಲಿ ಹಕ್ಕಿಯ ಮುಂದೆ ಜಾಗ ಬಿಟ್ಟು, ಜೂಮನ್ನು 500ಕ್ಕೋ 400ಕ್ಕೋ ಇಳಿಸಿಕೊಂಡು, ಅದು ಬಾಗಿ ನೆಲ ದಿಟ್ಟಿಸುವುದನ್ನು ಕಾಯಿರಿ. ಬಾಗಿತು ಅಂದರೆ ಬರ್ಸ್ಟ್ (ಬಟನ್ ಒತ್ತಿಹಿಡಿದು ಸಾಲಾಗಿ ತೆಗೆಯುವುದು) ಶುರು.

ಪಶ್ಚಿಮ ಘಟ್ಟದ ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್) ಮಾತ್ರ ಬೇಕೆಂದೇ ಸತಾಯಿಸುತ್ತದೆ ಅನ್ನಿಸುತ್ತದೆ. ಗಂಡಿನ ಹೊಟ್ಟೆ ರಕ್ತಗೆಂಪು. ಜನ ಕಂಡ ಕೂಡಲೇ ಅದು ಕಂದು ಬೆನ್ನನ್ನು ನಮ್ಮ ಕಡೆ ತಿರುಗಿಸಿ ಅಲುಗಾಡದೆ ಕೂತುಬಿಡುತ್ತದೆ. ಅದರ ಸುತ್ತ ತಿರುಗಿ ಹೊಟ್ಟೆ ಹಿಡಿಯುತ್ತೇನೆ ಅಂತ ಹೊರಟರೆ ಅದೂ ತಿರುಗುತ್ತದೆ, ಇಲ್ಲವೇ ಹೊರಟುಹೋಗುತ್ತದೆ. ನಿಂತಲ್ಲೇ ನಿಲ್ಲಿ. ಹುಳ ಹಿಡಿಯಲು ಹಾರಿ ಬೇರೆ ಕೊಂಬೆಗೆ ಬಂದಾಗ ಎದೆ ತೋರಿಸುವ ಸಾಧ್ಯತೆ ಹೆಚ್ಚು.

ಗಾಳಿಯ ಲೆಕ್ಕ

ಸೂರ್ಯನ ಬಗ್ಗೆ ಎಲ್ಲರೂ ಹೇಳುತ್ತಾರೆ, ಗಾಳಿಯ ಬಗ್ಗೆ ಹೇಳುವವರು ಕಡಿಮೆ. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಮುಖ ಕೊಟ್ಟು ಕೂರುತ್ತದೆ, ಗಾಳಿಗೆ ಎದುರಾಗಿಯೇ ಏಳುತ್ತದೆ, ಇಳಿಯುತ್ತದೆ. ಅಂದರೆ ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ಬೆಳಕಿನಲ್ಲಿ, ನಿಮ್ಮ ಕಡೆ ಮುಖ ಮಾಡಿ, ನಿಮ್ಮ ಕಡೆಗೇ ಹಾರುತ್ತದೆ. ನಮ್ಮ ಸೀಮೆಯಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಹೆಚ್ಚಾಗಿ ಮೂಡಲಿಂದ ಬೀಸುತ್ತದೆ. ಬೆಳಗಿನ ಸೂರ್ಯನೂ ಅಲ್ಲೇ. ಚಳಿಗಾಲದ ಬೆಳಗ್ಗೆಗಳು ಹಾರುವ ಹಕ್ಕಿಗೆ ಅಷ್ಟು ಒದಗಿ ಬರುವುದು ಇದಕ್ಕೇ. ಮುಂಗಾರಿನಲ್ಲಿ ಗಾಳಿ ಪಡುವಲಿಂದ. ಬೆಳಗ್ಗೆ ಹೋದರೆ ಬಿಸಿಲಿನಲ್ಲಿ ಹಕ್ಕಿಯ ಬಾಲವೇ ಸಿಗುತ್ತದೆ. ಆ ತಿಂಗಳುಗಳಲ್ಲಿ ಮೋಡ ಬಿಟ್ಟ ಸಂಜೆ ಹೋಗಿ. ಹುಲ್ಲು ಯಾವ ಕಡೆ ಬಾಗಿದೆ ನೋಡಿದರೆ ಸಾಕು, ಮೊಬೈಲ್ ಆಪ್ ಬೇಕಿಲ್ಲ.

ಕಳ್ಳಿಪೀರಗಳ ಮೇಲೆ ಈ ಲೆಕ್ಕವನ್ನು ಪರೀಕ್ಷಿಸಿ ನೋಡಿ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿ ಕಡೆ ಬೇಸಿಗೆಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಹಸಿರು ಮೈ, ಕಂದುಗೆಂಪು ಗಂಟಲು, ನೀಲಿ ಬಾಲ. ಏರೋಪ್ಲೇನ್ ಚಿಟ್ಟೆ ಹಿಡಿದು, ಜೇನುನೊಣ ಹಿಡಿದು ಅದೇ ಒಣಕಡ್ಡಿಗೆ ಮತ್ತೆ ಮತ್ತೆ ಬರುತ್ತವೆ. ಜೇನುನೊಣವನ್ನು ಕಡ್ಡಿಗೆ ಬಡಿದು ಉಜ್ಜಿ ಕೊಂಡಿ ತೆಗೆದು ನುಂಗುತ್ತವೆ. ಆ ಬಡಿಯುವ ಹೊತ್ತು ನಿಮಗೆ ಸಿಗುವ ಬಿಡುವು. ಕಡ್ಡಿಯ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡಿದ್ದರೆ ಬರುವಾಗಿನ ಬಿಚ್ಚಿದ ರೆಕ್ಕೆಯೂ ಸಿಗುತ್ತದೆ. ಆದರೆ ದಂಡೆಗೆ ತೀರ ಹತ್ತಿರ ಕೂರಬೇಡಿ. ಬಾಯಲ್ಲಿ ಹುಳ ಇಟ್ಟುಕೊಂಡು ಬಿಲಕ್ಕೆ ಹೋಗದೆ ಹಕ್ಕಿ ಕಡ್ಡಿಯ ಮೇಲೇ ಕಾಯುತ್ತಿದೆ ಅಂದರೆ ತಡೆಯುತ್ತಿರುವವರು ನೀವು. ಎದ್ದು ಹಿಂದಕ್ಕೆ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಹಕ್ಕಿಯ ಗೂಡು ಮೊಟ್ಟೆಗಳನ್ನು ಕಲಕುವುದೂ ಬೇಟೆಯ ಲೆಕ್ಕಕ್ಕೇ ಸೇರುತ್ತದೆ. ಚಿತ್ರ ಚೆನ್ನಾಗಿ ಕಾಣಲಿ ಅಂತ ಗೂಡಿನ ಮುಂದಿನ ಎಲೆ ಕೊಂಬೆ ಕತ್ತರಿಸುವವರನ್ನು ಕಂಡಿದ್ದೇನೆ. ಅವರಿಗೆ ಇದು ಗೊತ್ತಿರಲಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದನ್ನೂ ನಾನು ಒಪ್ಪುವುದಿಲ್ಲ.

ಕ್ಯಾಮೆರಾ ಸೆಟ್ಟಿಂಗು

ನನ್ನ ಪದ್ಧತಿ ಇಷ್ಟೆ. ಮ್ಯಾನುಯಲ್ ಮೋಡ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 6.3ಕ್ಕೆ, ಬೆಳಕು ಚೆನ್ನಾಗಿದ್ದರೆ ಎಫ್ 8ಕ್ಕೆ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊಗೆ. ಈ ಜೂಮ್ ಲೆನ್ಸುಗಳು ಬಹಳಷ್ಟು ಎಫ್ 8ರಲ್ಲಿ ಒಂದು ಗುಲಗಂಜಿ ತೂಕ ಹೆಚ್ಚು ಚೂಪು. ಶಟರ್ ವೇಗ ಮಾತ್ರ ನನ್ನ ಕೈಯಲ್ಲಿ. ಹಾರುವ ನೀಲಕಂಠಕ್ಕೆ, ಕಳ್ಳಿಪೀರಕ್ಕೆ 1/2500 ಸೆಕೆಂಡ್. ಹೂವಿನ ಮುಂದೆ ರೆಕ್ಕೆ ಬಡಿಯುವ ಸೂರಕ್ಕಿಗೆ 1/3200. ಕೂತ ಹಕ್ಕಿಗೆ 1/800ರಲ್ಲಿ ಒಂದೆರಡು ತೆಗೆದು, ಕೈಗೆ ಸಿಕ್ಕಿತು ಅನ್ನಿಸಿದ ಮೇಲೆ 1/400, 1/200 ಅಂತ ಇಳಿಯುತ್ತಾ ಹೋಗುತ್ತೇನೆ. ಇಳಿದಷ್ಟೂ ಐಎಸ್ಒ ತಗ್ಗುತ್ತದೆ, ಗರಿಯ ಬಣ್ಣ ಶುದ್ಧವಾಗುತ್ತದೆ. ಐಎಸ್ಒ ಏರಿದಾಗ ಮೊದಲು ಕೆಡುವುದು ಬಣ್ಣವೇ.

ಕೆಂಪು ಹಕ್ಕಿಗೆ ಒಂದು ವಿಶೇಷ ಎಚ್ಚರಿಕೆ. ಬಿಸಿಲಿನಲ್ಲಿರುವ ಗಂಡು ಚಿತ್ರಪಕ್ಷಿಯನ್ನು ತೆಗೆದರೆ ಸಾದಾ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲ ಸರಿ ಇದೆ ಅನ್ನುತ್ತದೆ. ಮನೆಗೆ ಬಂದು ನೋಡಿದರೆ ಕೆಂಪು ಜಾಗದಲ್ಲಿ ಗರಿಯ ಗೆರೆಯೇ ಇಲ್ಲ, ಬಳಿದ ಪೇಂಟು. ಕೆಂಪು ಚಾನೆಲ್ ಒಂದೇ ಮಿತಿ ಮೀರಿರುತ್ತದೆ. ಮದುವೆ ಮನೆಯಲ್ಲಿ ಧಾರೆ ಸೀರೆ ತೆಗೆಯುವವರಿಗೆ ಇದು ದಿನನಿತ್ಯದ ತಲೆನೋವು. ಕ್ಯಾಮೆರಾದಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಮ್ ಬೇರೆ ಬೇರೆ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ 0.7ರಿಂದ 1ರವರೆಗೆ ಇಳಿಸಿ. ಬಿಳಿಗೂ ಹಾಗೇ. ಬಣ್ಣದ ಕೊಕ್ಕರೆಯ ಬಿಳಿ ಬೆನ್ನು ಉರಿದುಹೋದರೆ ಬಾಲದ ಹತ್ತಿರದ ಆ ಗುಲಾಬಿ ಗರಿಗಳೂ ಜೊತೆಗೇ ಹೋಗುತ್ತವೆ. ಆ ಹಕ್ಕಿಗೆ ಹೆಸರು ಬಂದದ್ದೇ ಆ ಬಣ್ಣಗಳಿಂದ.

ಇನ್ನು ಫೋಕಸ್. 600 ಎಂಎಂ, ಎಫ್ 6.3, ಹತ್ತು ಮೀಟರ್ ದೂರ ಅಂದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಹತ್ತು ಸೆಂಟಿಮೀಟರ್ ಮಾತ್ರ. ಐದು ಮೀಟರಿಗೆ ಬಂದರೆ ಎರಡೂವರೆ ಸೆಂಟಿಮೀಟರ್. ಬಾಲ ಮಸುಕಾದರೆ ಆಗಲಿ, ಕಣ್ಣು ಕೂರಬೇಕು. ಹೊಸ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ, ತೆರೆದ ಜಾಗದಲ್ಲಿ ಅದನ್ನು ನಂಬಿ. ಕೊಂಬೆ ಎಲೆಗಳ ಸಂದಿಯಲ್ಲಿ ನಂಬಬೇಡಿ. ಅಲ್ಲಿ ಒಂದೇ ಪಾಯಿಂಟ್ ಇಟ್ಟುಕೊಂಡು ನೀವೇ ಕಣ್ಣಿನ ಮೇಲೆ ಕೂರಿಸಿ. ಫೋಕಸನ್ನು ಹಿಂದಿನ ಬಟನ್ನಿಗೆ ಹಾಕಿಕೊಂಡರೆ ಹೆಬ್ಬೆರಳಿಗೆ ಫೋಕಸ್, ತೋರುಬೆರಳಿಗೆ ಶಟರ್. ಎರಡು ದಿನ ತಡವರಿಸುತ್ತೀರಿ, ಆಮೇಲೆ ಹಳೆಯದಕ್ಕೆ ಹೋಗಲು ಮನಸ್ಸು ಬರುವುದಿಲ್ಲ. ಲೆನ್ಸಿನ ಮೇಲಿನ ದೂರ ಮಿತಿಯ ಸ್ವಿಚ್ಚನ್ನು ಬಹಳ ಜನ ಮುಟ್ಟಿಯೇ ಇರುವುದಿಲ್ಲ. ಕೆರೆ ಮೇಲೆ ಹಾರುವ ಹಕ್ಕಿಗಾದರೆ ಹತ್ತು ಮೀಟರಿನಿಂದ ಆಚೆ ಅನ್ನುವುದಕ್ಕೆ ಹಾಕಿ. ಮುಂದಿನ ಜೊಂಡಿಗೆ ಫೋಕಸ್ ಓಡಿಹೋಗುವುದು ನಿಲ್ಲುತ್ತದೆ.

ಹೊಸಬರಿಗೆ ದೊಡ್ಡ ಕಷ್ಟ ಸೆಟ್ಟಿಂಗಲ್ಲ, ಲೆನ್ಸಿನಲ್ಲಿ ಹಕ್ಕಿ ಸಿಗದೇ ಇರುವುದು. ಬರಿಗಣ್ಣಿಗೆ ಕಾಣುತ್ತಿದ್ದ ಹಕ್ಕಿ ಕ್ಯಾಮೆರಾಗೆ ಕಣ್ಣಿಟ್ಟ ಕೂಡಲೇ ಮಾಯ, ಬರೀ ಎಲೆ. ಮೊದಲು 200ಕ್ಕೆ ಬನ್ನಿ, ಹಕ್ಕಿಯನ್ನು ಮಧ್ಯಕ್ಕೆ ತನ್ನಿ, ಆಮೇಲೆ 600ಕ್ಕೆ ಎಳೆಯಿರಿ. ಬೇಲಿ ಕಂಬದ ಮೇಲೆ ಕಾಗೆ, ಮೈನಾ ಇಟ್ಟುಕೊಂಡು ಅಭ್ಯಾಸ ಮಾಡಿ. ನೀಲಕಂಠ ಬಂದಾಗ ಕಲಿಯಲು ಕೂರುವುದಕ್ಕಾಗುವುದಿಲ್ಲ.

ಕೈ, ಕಾರು, ರಾಗಿ ಚೀಲ

ಟ್ರೈಪಾಡ್ ಹೊತ್ತು ಗದ್ದೆ ಬದುವಿನಲ್ಲಿ ನಡೆಯುವುದು ನನ್ನಿಂದಾಗದ ಕೆಲಸ. ಕೈಯಲ್ಲೇ ಹಿಡಿಯುವುದಾದರೆ ಎಡಗೈ ಲೆನ್ಸಿನ ಮುಂಭಾಗಕ್ಕೆ ಆದಷ್ಟು ದೂರ ಹೋಗಲಿ, ಮೊಣಕೈ ಪಕ್ಕೆಗೆ ಒತ್ತಿರಲಿ, ಒಂದು ಕಾಲು ಮುಂದಿರಲಿ. ಉಸಿರು ಬಿಟ್ಟು ಒತ್ತಿ. ಹೆಗಲು ಸೋತರೆ ಮಾನೋಪಾಡ್.

ಎಲ್ಲಕ್ಕಿಂತ ಒಳ್ಳೆಯ ಅಡಗುತಾಣ ಕಾರು. ರಸ್ತೆ ಬದಿಯ ವೈರು, ಕಂಬಗಳ ಮೇಲಿನ ಹಕ್ಕಿಗಳಿಗೆ ವಾಹನದ ಭಯ ಕಡಿಮೆ, ಬಾಗಿಲು ತೆಗೆದು ಕಾಲು ಕೆಳಗಿಟ್ಟರೆ ಮಾತ್ರ ಓಡುತ್ತವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ರಸ್ತೆಗಳಲ್ಲಿ ನಿಧಾನಕ್ಕೆ ಹೋಗಿ, ಹಕ್ಕಿಗಿಂತ ಸ್ವಲ್ಪ ಮುಂಚೆಯೇ ಎಂಜಿನ್ ಆಫ್ ಮಾಡಿ ಉರುಳಿಕೊಂಡು ನಿಲ್ಲಿಸಿ. ಕಿಟಕಿ ಅಂಚಿಗೆ ಒಂದು ಬಟ್ಟೆ ಚೀಲ, ಅದರೊಳಗೆ ರಾಗಿ. ಲೆನ್ಸಿನ ಮೈಗೆ ತಕ್ಕ ಹಾಗೆ ಕೂರುತ್ತದೆ. ಅವರೆಕಾಳು ತುಂಬಿದರೆ ಕಟಕಟ ಸದ್ದು ಮಾಡುತ್ತದೆ, ಬೇಡ. ದೂರದ ಊರಿಗೆ ಬಸ್ಸಿನಲ್ಲಿ ಹೋಗುವಾಗ ಖಾಲಿ ಚೀಲ ಒಯ್ದು, ಅಲ್ಲಿನ ಅಂಗಡಿಯಲ್ಲಿ ಎರಡು ಕೆಜಿ ಕೊಂಡು ತುಂಬಿಕೊಳ್ಳಬಹುದು. ವಾಪಸ್ ಬಂದು ಮುದ್ದೆಗೆ ಆಗುತ್ತದೆ. ಕಾರಿನಲ್ಲಿ ಎಸಿ ಹಾಕಿದ್ದರೆ ಮೊದಲೇ ಆಫ್ ಮಾಡಿ ಗಾಜು ಇಳಿಸಿ, ಒಳಗೂ ಹೊರಗೂ ಒಂದೇ ಶಾಖ ಆಗಲಿ. ಇಲ್ಲದಿದ್ದರೆ ಕಿಟಕಿಯಲ್ಲೇ ಗಾಳಿ ಕುದ್ದು ಚಿತ್ರ ನೀರಿನೊಳಗಿನಿಂದ ತೆಗೆದಂತೆ ಬರುತ್ತದೆ.

ಈ ಗಾಳಿ ಕುದಿಯುವ ವಿಷಯ ಹೊರಗೂ ಅನ್ವಯಿಸುತ್ತದೆ. ಬಿಸಿಲೇರಿದ ಮೇಲೆ ಗದ್ದೆ, ಕೆರೆ, ಡಾಂಬರು ರಸ್ತೆಯ ಮೇಲಿನಿಂದ ಐವತ್ತು ಅರವತ್ತು ಮೀಟರ್ ದೂರದ ಹಕ್ಕಿಗೆ ಹಿಡಿದರೆ ಎಷ್ಟು ಲಕ್ಷದ ಲೆನ್ಸೂ ಮಸುಕೇ. ಲೆನ್ಸ್ ಕೆಟ್ಟಿದೆ ಅಂತ ಸರ್ವಿಸಿಗೆ ಕೊಡಲು ಹೋಗಬೇಡಿ. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಕಾಲ ಚೆನ್ನ. ಅಲ್ಲಿಂದ ಮುಂದೆ ಹತ್ತಿರದ ಹಕ್ಕಿ ಮಾತ್ರ, ಅಥವಾ ಇಡ್ಲಿ ಹೋಟೆಲ್.

ಗದ್ದೆಗೆ ಇಳಿಯುವುದಾದರೆ ಮೊದಲು ಯಜಮಾನರನ್ನು ಮಾತಾಡಿಸಿ. ಹಸಿರು ಬಟ್ಟೆ ಸುತ್ತಿದ ಉದ್ದ ಲೆನ್ಸು ಹೊತ್ತು ಬರುವವರನ್ನು ಕಂಡರೆ "ಏನ್ ಸ್ವಾಮಿ, ರೋಡ್ ಸರ್ವೆ ಮಾಡಕ್ ಬಂದ್ರಾ?" ಅಂತ ಗಾಬರಿಯಾಗುತ್ತಾರೆ. ಜಮೀನು ಹೋಗುವ ಭಯ ಅವರಿಗೆ. "ಇಲ್ಲ ಗೌಡ್ರೆ, ಮಿಂಚುಳ್ಳಿ ಫೋಟೋ" ಅಂದು ತೆಗೆದ ಚಿತ್ರ ತೋರಿಸಿದರೆ ಮುಖ ಸಡಿಲವಾಗುತ್ತದೆ. ಯಾವ ಬೋರ್‌ವೆಲ್ ಪೈಪಿನ ಮೇಲೆ ಅದು ದಿನಾ ಕೂರುತ್ತದೆ ಅಂತ ಅವರೇ ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ಗೈಡ್ ಇಲ್ಲ.

ಹಿಂದಿನ ಬಣ್ಣ

ಉದ್ದ ಲೆನ್ಸಿನ ನಿಜವಾದ ಲಾಭ ನನ್ನ ಪ್ರಕಾರ ಹಿನ್ನೆಲೆ. 600ರಲ್ಲಿ ಹಕ್ಕಿಯ ಹಿಂದೆ ಒಂದು ಕಿರಿದಾದ ಪಟ್ಟಿಯಷ್ಟೇ ಕಾಣುತ್ತದೆ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಪಟ್ಟಿ ಪೂರ್ತಿ ಬದಲಾಗುತ್ತದೆ. ಬಿಳಿ ಆಕಾಶ ಇದ್ದದ್ದು ಕಬ್ಬಿನ ಹಸಿರಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಹಿನ್ನೆಲೆಗೆ ಬರವಿಲ್ಲ. ನಾಟಿ ಮುಗಿದ ಗದ್ದೆಯ ಎಳೆ ಹಸಿರಿನ ಮುಂದೆ ಮಿಂಚುಳ್ಳಿಯ ನೀಲಿ, ಕೊಯ್ಲಿಗೆ ಬಂದ ಭತ್ತದ ಹೊಂಬಣ್ಣದ ಮುಂದೆ ಕಳ್ಳಿಪೀರದ ಹಸಿರು. ಹಸಿರು ಹಕ್ಕಿಯನ್ನು ಹಸಿರೆಲೆಯ ಮುಂದೆ ತೆಗೆದರೆ ಹಕ್ಕಿಯನ್ನು ಹುಡುಕಿ ತೋರಿಸಬೇಕಾಗುತ್ತದೆ.

ಎತ್ತರವೂ ಮುಖ್ಯ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಲೆನ್ಸು ಬರಬೇಕು. ನೆಲದ ಹಕ್ಕಿಗಾದರೆ ಮಲಗಿಕೊಳ್ಳಿ, ಮಲಗುವ ಮುಂಚೆ ಹುಲ್ಲಿನಲ್ಲಿ ಹಾವು ಚೇಳು ನೋಡಿಕೊಳ್ಳಿ. ನವರಂಗ ಹಕ್ಕಿಗೆ ಇದು ತಪ್ಪದು. ಚಳಿಗಾಲಕ್ಕೆ ನಮ್ಮ ಕಡೆ ಬಂದು, ಬಿದಿರ ಮೆಳೆ, ಪೊದೆಗಳ ಕೆಳಗೆ ತರಗೆಲೆ ಕೆದಕುತ್ತಾ ತಿರುಗುತ್ತದೆ. ನಿಂತು ಮೇಲಿನಿಂದ ತೆಗೆದರೆ ಬೆನ್ನಿನ ಹಸಿರಷ್ಟೇ. ನೆಲಮಟ್ಟಕ್ಕೆ ಬಂದಾಗ ಕಣ್ಣಿನ ಕಪ್ಪು ಪಟ್ಟೆ, ಎದೆಯ ಕಂದುಹಳದಿ, ರೆಕ್ಕೆಯ ನೀಲಿ ಮಚ್ಚೆ, ಬಾಲದ ಕೆಳಗಿನ ಕೆಂಪು ಎಲ್ಲ ಒಟ್ಟಿಗೆ ಸಿಗುತ್ತವೆ. ಕತ್ತಲು ಜಾಗ, ಶಟರ್ 1/125ಕ್ಕೆ ಇಳಿಸಲೇಬೇಕು. ಅದು ಎರಡು ಕುಪ್ಪಳಿಸಿ ಒಂದು ಕ್ಷಣ ನಿಲ್ಲುತ್ತದೆ. ಆ ನಿಂತ ಕ್ಷಣಕ್ಕೆ ಒತ್ತಿ.

ಎಲ್ಲಿಗೆ ಹೋಗಬಹುದು

ಮೊದಲ ಸಲ ಲೆನ್ಸು ಹಿಡಿದವರಿಗೆ ನಾನು ಹೇಳುವ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ನೋಡಿಕೊಳ್ಳುತ್ತಾರೆ. 600 ಅಲ್ಲಿ ಹೆಚ್ಚೇ ಆಗುತ್ತದೆ, 200 ಸಾಕು. ಮಾಳಿಗೆ ಹತ್ತಬೇಕೆಂದರೆ ಮನೆಯವರನ್ನು ಕೇಳಿ ಹತ್ತಿ.

ರಂಗನತಿಟ್ಟು ಎಲ್ಲರಿಗೂ ಗೊತ್ತು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಿಂದ ಮೈಸೂರು ಅರಸರ ಕಾಲದಲ್ಲಿ ಪಕ್ಷಿಧಾಮವಾದದ್ದು, 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿತು. ದೋಣಿ ಅಲ್ಲಾಡುತ್ತಲೇ ಇರುತ್ತದೆ, ಅಲ್ಲಿ ಟ್ರೈಪಾಡ್ ದಂಡ. ಕೂತ ಕೊಕ್ಕರೆಗೂ 1/1600ಕ್ಕಿಂತ ಕೆಳಗೆ ಬರಬೇಡಿ. ಹುಟ್ಟು ಹಾಕುವವರಿಗೆ ಹಕ್ಕಿಗಿಂತ ಮೊದಲು ಬೆಳಕಿನ ದಿಕ್ಕು ಹೇಳಿ: "ಅಣ್ಣ, ಸೂರ್ಯ ಬೆನ್ನಿಗೆ ಬರೋ ಹಾಗೆ ಆ ಬಂಡೆ ಸುತ್ತಿ ಹೋಗೋಣ." ನೂರಾರು ಜನರನ್ನು ಕೂರಿಸಿಕೊಂಡು ಹೋದವರು ಅವರು, ಒಂದೇ ಮಾತಿಗೆ ಅರ್ಥ ಮಾಡಿಕೊಳ್ಳುತ್ತಾರೆ. ಬಂಡೆ ಮೇಲಿನ ರೀವ ಹಕ್ಕಿಯ (ರಿವರ್ ಟರ್ನ್) ಹಳದಿ ಕೊಕ್ಕು, ಕೆಂಪು ಕಾಲಿಗೆ ಇದೇ ಸರಿಯಾದ ಜಾಗ. ಬಂಡೆಗಳ ಮೇಲೆ ಮೊಸಳೆಗಳೂ ಇರುತ್ತವೆ, ದೋಣಿಯಿಂದ ಕೈ ಹೊರಗೆ ಬೇಡ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ವಿಚಾರಿಸಿ.

ಕಾಡಿನ ಬಣ್ಣ ಬೇಕೆಂದರೆ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಗಣೇಶಗುಡಿ. ಅಲ್ಲಿನ ಓಲ್ಡ್ ಮ್ಯಾಗಜಿನ್ ಹೌಸ್ ಅನ್ನುವ ವಸತಿಗೃಹದಲ್ಲಿ ಹಕ್ಕಿಗಳಿಗೆ ಅಂತ ಇಟ್ಟ ನೀರಿನ ತೊಟ್ಟಿಗಳ ಮುಂದೆ ಸುಮ್ಮನೆ ಕೂತರೆ ಬಾಲದಂಡೆ ಹಕ್ಕಿ, ಕೆಂಪು ಗಂಟಲಿನ ಪಿಕಳಾರ ಸ್ನಾನಕ್ಕೆ ಬರುತ್ತವೆ. ಮರದ ನೆರಳು ದಟ್ಟ. ಐಎಸ್ಒ 3200, 6400 ಆದರೂ ಹೆದರಬೇಡಿ, ಫ್ಲಾಶ್ ಮಾತ್ರ ಬೇಡ. ಲೆನ್ಸು ಎಷ್ಟು ಹತ್ತಿರ ಫೋಕಸ್ ಮಾಡುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತೀರ ಹತ್ತಿರ ಬಂದ ಹಕ್ಕಿಗೆ 600 ಬಿಟ್ಟು 300ಕ್ಕೆ ಇಳಿಯಬೇಕಾಗುತ್ತದೆ.

ಎಲ್ಲಿಗೂ ಹೋಗಲಾಗದಿದ್ದರೆ ಜನವರಿಯಿಂದ ಮಾರ್ಚ್‌ವರೆಗೆ ಹೂ ಬಿಟ್ಟ ಬೂರುಗವನ್ನೋ ಮುತ್ತುಗವನ್ನೋ ಹುಡುಕಿ ಅದರ ಬಳಿ ನಿಲ್ಲಿ. ಎಲೆ ಉದುರಿರುತ್ತದೆ, ಹೂ ಕೆಂಪಗಿರುತ್ತದೆ, ಜೇನಿಗೆ ಹಕ್ಕಿಗಳು ತಾವಾಗಿಯೇ ಬರುತ್ತವೆ.

ಮನೆಗೆ ಬಂದ ಮೇಲೆ

ರಾ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ) ಫೈಲಿನಲ್ಲೇ ತೆಗೆಯಿರಿ. ಕಾಡಿನಲ್ಲಿ ಎಲೆಗಳಿಂದ ಬಂದ ಹಸಿರು ಬೆಳಕು ಬಿಳಿ ಗರಿಯನ್ನೂ ಹಸಿರು ಮಾಡಿರುತ್ತದೆ, ವೈಟ್ ಬ್ಯಾಲೆನ್ಸ್ ಆಮೇಲೆ ಸರಿಪಡಿಸಲು ರಾ ಬೇಕು. ಸ್ಯಾಚುರೇಶನ್ ಎಳೆಯುವ ಚಟ ಬಿಡಿ. ಮಿಂಚುಳ್ಳಿಯ ನೀಲಿ ಮೊದಲೇ ಮೊಬೈಲ್ ಪರದೆ ತೋರಿಸಬಲ್ಲ ಮಿತಿಯ ಅಂಚಿನಲ್ಲಿರುತ್ತದೆ. ಇನ್ನೂ ಎಳೆದರೆ ಬಣ್ಣ ಹೆಚ್ಚಾಗುವುದಿಲ್ಲ, ಗರಿಯ ಗೆರೆಗಳು ಕರಗುತ್ತವೆ. ಅದರ ಬದಲು ಹಿನ್ನೆಲೆಯನ್ನು ಒಂದಿಷ್ಟು ಮಂಕು ಮಾಡಿ. ಹಂಚಿಕೊಳ್ಳಲು ಎಸ್ಆರ್‌ಜಿಬಿ ಅನ್ನುವ ಸಾಮಾನ್ಯ ಬಣ್ಣದ ವ್ಯವಸ್ಥೆಯಲ್ಲಿ ಉಳಿಸಿ. ಗೂಡಿನ ಚಿತ್ರವಾದರೆ ಜಾಗದ ಹೆಸರು ಹಾಕಬೇಡಿ, ಫೈಲಿನಲ್ಲಿ ಜಿಪಿಎಸ್ ಇದ್ದರೆ ತೆಗೆದುಹಾಕಿ.

ಲೆನ್ಸನ್ನು ಚೀಲದೊಳಗೆ ಹಾಕಿ ಮರೆಯಬೇಡಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಮಳೆ ಇರುತ್ತದೆ, ಬೀರುವಿನಲ್ಲಿ ಮುಚ್ಚಿಟ್ಟ ಲೆನ್ಸಿನ ಗಾಜಿಗೆ ಫಂಗಸ್ ಹಿಡಿಯುವುದು ಆಗಲೇ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ ಶೇ. 40ರಿಂದ 50ರೊಳಗೆ ಇರಲಿ. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿದೆ ಅಂತ ಅರ್ಥ. ಅಡುಗೆಗೆ ಬಳಸದ ಹಳೇ ಬಾಣಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಆರಿಸಿ ಡಬ್ಬಕ್ಕೆ ಹಾಕಿ. ವಾರಕ್ಕೊಮ್ಮೆ ಲೆನ್ಸು ಹೊರಗೆ ತೆಗೆದು ಎಳೆ ಬಿಸಿಲಿನ ಕಡೆ ಹಿಡಿದು, ಕಾಂಪೌಂಡಿನ ಗುಬ್ಬಚ್ಚಿಯನ್ನಾದರೂ ನಾಲ್ಕು ಕ್ಲಿಕ್ ಮಾಡಿ ಒಳಗಿಡಿ.